‘ತಪ್ಪು ಮಾಡದವನಿಗೆ ಭಯವೇಕೆ?’ ಎನ್ನುವವರಿಗೆ

ಯಾರನ್ನಾದರೂ ಪೊಲೀಸರು ಠಾಣೆಗೆ ಕರೆದೊಯ್ದರು ಎಂಬ ಸುದ್ದಿ ಬಂದ ಕೂಡಲೇ ನಮ್ಮ ಊರುಗಳಲ್ಲಿ ಒಂದು ಮಾತು ಕೇಳಿಸುತ್ತದೆ: ‘ಏನೂ ಮಾಡದೇ ಇದ್ರೆ ಪೊಲೀಸ್ನೋರು ಸುಮ್ನೆ ಯಾಕೆ ಕರ್ಕೊಂಡು ಹೋಗ್ತಾರೆ?’ ಅದರ ಬೆನ್ನಿಗೇ ಇನ್ನೊಂದು: ‘ತಪ್ಪು ಮಾಡದವನಿಗೆ ಭಯ ಯಾಕೆ?’ ವಕೀಲರು, ನೋಟಿಸು, ಹಕ್ಕು ಎಂದು ಯಾರಾದರೂ ಬಾಯಿ ತೆರೆದರೆ ಮೂರನೆಯದೂ ಸಿದ್ಧವಿರುತ್ತದೆ: ‘ಇವೆಲ್ಲ ಕಳ್ಳರನ್ನ ಕಾಪಾಡೋಕೆ ಮಾಡಿರೋ ಕಾನೂನು.’ ಹೋಟೆಲಿನಲ್ಲಿ, ಟಿವಿ ಚರ್ಚೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಓದಿದವರು ಓದದವರು ಎನ್ನದೆ ಎಲ್ಲರ ಬಾಯಲ್ಲೂ ಬರುವ ಈ ಮಾತು ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು; ಇದನ್ನು ನಂಬಿಕೊಂಡು ನಾವು ಜನರನ್ನು ಬಲಿಕೊಡುತ್ತಿದ್ದೇವೆ. ಠಾಣೆಯ ಮೆಟ್ಟಿಲು ಹತ್ತಿದವನಿಗೆ ಕಾನೂನು ಕೊಟ್ಟಿರುವ ಹಕ್ಕುಗಳು ಎಲ್ಲರಿಗಿಂತ ಮೊದಲು ಬೇಕಾಗುವುದು ತಪ್ಪು ಮಾಡದವನಿಗೇ.

ಕೊಡಗಿನ ಕುಶಾಲನಗರದ ಕಡೆಯ ಆದಿವಾಸಿ ಕೂಲಿಕಾರರೊಬ್ಬರ ಹೆಂಡತಿ ಕೆಲವು ವರ್ಷಗಳ ಹಿಂದೆ ಮನೆ ಬಿಟ್ಟು ಹೋದರು. ಹೆಂಡತಿ ಕಾಣೆಯಾಗಿದ್ದಾಳೆ, ಹುಡುಕಿಕೊಡಿ ಎಂದು ಠಾಣೆಗೆ ಹೋಗಿ ದೂರು ಕೊಟ್ಟವರು ಆ ಗಂಡನೇ. ಮುಂದೆ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಇವರ ಹೆಂಡತಿಯದೇ, ಕೊಂದವರು ಇವರೇ ಎಂದು ಪೊಲೀಸರು ತೀರ್ಮಾನಿಸಿ ಬಂಧಿಸಿದರು, ಕೊಲೆ ಆರೋಪದ ಚಾರ್ಜ್‌ಶೀಟ್ ಹಾಕಿದರು. ಮೂಳೆಗಳು ಆಕೆಯವಲ್ಲ ಎಂದು ಡಿಎನ್‌ಎ ವರದಿ ಹೇಳಿದ ಮೇಲೂ ಕೇಸು ನಡೆಯಿತು. ಮನುಷ್ಯ ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ‘ಕೊಲೆಯಾದ’ ಹೆಂಡತಿ ಮಡಿಕೇರಿಯಲ್ಲಿ ಜೀವಂತವಾಗಿ ಗಂಡನ ಪರಿಚಯದವರ ಕಣ್ಣಿಗೆ ಬಿದ್ದರು. ಮೈಸೂರಿನ ನ್ಯಾಯಾಲಯ ಗಂಡನನ್ನು ಆರೋಪಮುಕ್ತಗೊಳಿಸಿ, ಗೃಹ ಇಲಾಖೆ ಅವರಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು.

ಈ ಮನುಷ್ಯ ಏನು ತಪ್ಪು ಮಾಡಿದ್ದರು? ಠಾಣೆಗೆ ಹೋಗಲು ಅವರಿಗೆ ಭಯವಿರಲಿಲ್ಲ, ತಾವಾಗಿಯೇ ಹೋಗಿದ್ದರು. ‘ತಪ್ಪು ಮಾಡದವನಿಗೆ ಭಯವೇಕೆ’ ಎಂಬ ಮಾತನ್ನು ನಂಬಿ ನಡೆದವರು ಅವರು. ಬಂಧಿಸುವ ಹೊತ್ತಿನಲ್ಲಿ ಯಾರು ತಪ್ಪಿತಸ್ಥ, ಯಾರಲ್ಲ ಎಂಬುದು ಪೊಲೀಸರಿಗೂ ಗೊತ್ತಿರುವುದಿಲ್ಲ, ಸುದ್ದಿ ಓದುವ ನಮಗಂತೂ ಗೊತ್ತಿರುವುದೇ ಇಲ್ಲ. ಅದನ್ನು ತಿಳಿಯಲಿಕ್ಕೇ ತನಿಖೆ, ಅದನ್ನು ತೀರ್ಮಾನಿಸಲಿಕ್ಕೇ ನ್ಯಾಯಾಲಯ ಇರುವುದು. ಹಕ್ಕು ತಪ್ಪು ಮಾಡದವನಿಗೆ ಮಾತ್ರ ಇರಲಿ ಎನ್ನುವವರು, ಅವನನ್ನು ಠಾಣೆಯ ಬಾಗಿಲಲ್ಲೇ ಗುರುತಿಸುವ ಉಪಾಯವೊಂದಿದ್ದರೆ ಹೇಳಲಿ. ಅಂಥ ಉಪಾಯ ಇಲ್ಲದಿರುವುದರಿಂದಲೇ ಹಕ್ಕು ಎಲ್ಲರಿಗೂ ಇರಬೇಕಾಗುತ್ತದೆ.

‘ಎರಡು ಬಿಟ್ರೆ ತಾನಾಗೇ ಬಾಯಿ ಬಿಡ್ತಾನೆ’ ಎಂಬುದು ಈ ನಂಬಿಕೆಯ ಇನ್ನೊಂದು ಮುಖ. ಹೌದು, ಬಾಯಿ ಬಿಡುತ್ತಾನೆ. ಏನೆಂದು? ಹೊಡೆಯುವವರು ಏನು ಕೇಳಲು ಬಯಸುತ್ತಾರೋ ಅದನ್ನು. 2017ರ ಸೆಪ್ಟೆಂಬರಿನಲ್ಲಿ ಹರಿಯಾಣದ ಗುರುಗ್ರಾಮದ ಶಾಲೆಯೊಂದರ ಶೌಚಾಲಯದಲ್ಲಿ ಎಳೆಯ ಬಾಲಕನೊಬ್ಬನ ಕೊಲೆಯಾಯಿತು. ದೇಶವೇ ಕುದಿಯುತ್ತಿತ್ತು. ಅದೇ ದಿನ ಪೊಲೀಸರು ಶಾಲಾ ಬಸ್ಸಿನ ಕಂಡಕ್ಟರನ್ನು ಹಿಡಿದರು; ಆತ ತಪ್ಪು ಒಪ್ಪಿಕೊಂಡಿದ್ದಾನೆ ಎಂದು ಘೋಷಿಸಿದರು. ಕ್ಯಾಮೆರಾಗಳ ಮುಂದೆಯೂ ಆತ ಒಪ್ಪಿಕೊಂಡಿದ್ದ. ಗಲ್ಲಿಗೇರಿಸಿ ಎಂದು ಜನ ಕೂಗಿದರು. ತನಿಖೆ ಸಿಬಿಐ ಕೈಗೆ ಹೋದ ಮೇಲೆ ಕಂಡಕ್ಟರ್‌ಗೂ ಕೊಲೆಗೂ ಸಂಬಂಧವಿಲ್ಲವೆಂದು ತಿಳಿಯಿತು. ಅದೇ ಶಾಲೆಯ ಹಿರಿಯ ತರಗತಿಯ ವಿದ್ಯಾರ್ಥಿಯೊಬ್ಬ ಆರೋಪಿಯಾದ. ಹೊಡೆದು ಹಿಂಸಿಸಿ ಒಪ್ಪಿಸಿದರು ಎಂದು ಕಂಡಕ್ಟರ್ ಆಮೇಲೆ ಹೇಳಿದ. ತನಿಖೆ ಸಿಬಿಐಗೆ ಹೋಗದೇ ಇದ್ದಿದ್ದರೆ ಇಂದಿಗೂ ನಾವು ಆತನನ್ನೇ ಕೊಲೆಗಾರ ಎನ್ನುತ್ತಿದ್ದೆವು. ಏಟಿಗೆ ಹೆದರಿ ಒಬ್ಬ ನಿರಪರಾಧಿ ತಪ್ಪೊಪ್ಪಿಕೊಂಡಾಗ ಇನ್ನೆಲ್ಲೋ ಒಬ್ಬ ಅಪರಾಧಿ ನೆಮ್ಮದಿಯಾಗಿ ಮನೆಗೆ ಹೋಗಿರುತ್ತಾನೆ. ಕಠಿಣ ಕ್ರಮ ಬೇಕು ಎನ್ನುವವರಿಗೆ ಈ ಲೆಕ್ಕ ಯಾಕೆ ಹೊಳೆಯುವುದಿಲ್ಲವೋ.

ಠಾಣೆಯಲ್ಲಿ ಕೊಟ್ಟ ತಪ್ಪೊಪ್ಪಿಗೆಯನ್ನು ನಂಬಬಾರದು ಎಂಬ ವಿವೇಕ ಮಾನವ ಹಕ್ಕು ಸಂಘಟನೆಗಳು ನಿನ್ನೆ ಮೊನ್ನೆ ತಂದದ್ದೂ ಅಲ್ಲ. ಬಳ್ಳಾರಿ, ಕೆನರಾ ಸೀಮೆಗಳೂ ಸೇರಿದ್ದ ಅಂದಿನ ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯದವರು, ಪೊಲೀಸರು ಜನರಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ ಕಂಪನಿ ಸರ್ಕಾರವೇ ಒಂದು ಆಯೋಗ ನೇಮಿಸಿ, 1855ರಲ್ಲಿ ವರದಿ ಪಡೆಯಿತು. ಎರಡು ಮರದ ತುಂಡುಗಳ ನಡುವೆ ಬೆರಳುಗಳನ್ನಿಟ್ಟು ಹಿಂಡುವ ‘ಕಿಟ್ಟಿ’ಯಂಥ ಸಾಧನಗಳ ವಿವರ ಅದರಲ್ಲಿದೆ. 1861ರ ದಂಡ ಪ್ರಕ್ರಿಯಾ ಸಂಹಿತೆ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಲ್ಲವೆಂದು ತಳ್ಳಿಹಾಕಿತು. 1872ರ ಸಾಕ್ಷ್ಯ ಕಾಯ್ದೆ ಅದನ್ನು ಉಳಿಸಿಕೊಂಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ನಿನಲ್ಲಿಯೂ ಅದೇ ಇದೆ. ಪ್ರಜೆಗಳ ಮೇಲೆ ಯಾವ ಪ್ರೀತಿಯೂ ಇಲ್ಲದಿದ್ದ ಪರಕೀಯ ಸರ್ಕಾರ ಕೂಡ ಏಟಿನಿಂದ ಹೊರಡುವ ಮಾತನ್ನು ನಂಬಲಾಗದೆಂದು ನೂರರವತ್ತು ವರ್ಷಗಳ ಹಿಂದೆಯೇ ಕಂಡುಕೊಂಡಿತ್ತು. ಇಂದಿಗೂ ಆರೋಪಿಯ ‘ಸ್ವ-ಇಚ್ಛಾ ಹೇಳಿಕೆ’ ಎಂದು ಪತ್ರಿಕೆಯಲ್ಲಿ ಬಂದದ್ದನ್ನು ಓದಿ, ಕೇಸು ಮುಗಿಯಿತೆಂದು ನಾವು ಪುಟ ತಿರುಗಿಸುತ್ತೇವೆ.

ಜನರ ಚಪ್ಪಾಳೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಬಿಹಾರದ ಭಾಗಲ್ಪುರ ಸಾಕ್ಷಿ. 1979–80ರಲ್ಲಿ ಅಲ್ಲಿನ ಪೊಲೀಸರು ವಿಚಾರಣಾಧೀನ ಕೈದಿಗಳ ಕಣ್ಣಿಗೆ ಸೂಜಿ ಚುಚ್ಚಿ ಆಸಿಡ್ ಸುರಿದರು. ಸುದ್ದಿ ಹೊರಬಿದ್ದು ಪೊಲೀಸರ ಮೇಲೆ ಕ್ರಮವಾದಾಗ ಊರಿನ ಜನ ಪೊಲೀಸರ ಪರವಾಗಿ ಬೀದಿಗಿಳಿದರು. 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಪೊಲೀಸರ ಮೇಲೆ ಹೂವು ಸುರಿದರು. ನಮ್ಮ ಊರುಗಳಲ್ಲೂ ಸಿಹಿ ಹಂಚುವ ಉತ್ಸಾಹವಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗ, ಕೊಲ್ಲಬೇಕೆಂದೇ ಗುಂಡು ಹಾರಿಸಲಾಗಿತ್ತೆಂದೂ ಸತ್ತವರಲ್ಲಿ ಮೂವರು ಅಪ್ರಾಪ್ತರಾಗಿದ್ದರೆಂದೂ ಹೇಳಿತು. ಆ ವರದಿ ಹೊರಬಂದದ್ದು 2022ರಲ್ಲಿ. ಹೂವು ಸುರಿದವರಲ್ಲಿ ಎಷ್ಟು ಜನ ಅದನ್ನು ಓದಿದರು? ಆ ಹೆಣ್ಣುಮಗಳನ್ನು ಕೊಂದವರು ಇವರೇ ಎಂದು ಸಾಕ್ಷ್ಯವಿಟ್ಟು ತೋರಿಸುವ ದಾರಿ ಅಲ್ಲಿಗೆ ಮುಚ್ಚಿಹೋಯಿತು. ಆಕೆಗೆ ಸಲ್ಲಬೇಕಿದ್ದ ತೀರ್ಪೂ ಇಲ್ಲವಾಯಿತು.

‘ಭಯ ಯಾಕೆ’ ಎಂದು ಕೇಳುವವರು ಯಾರೆಂದು ಸ್ವಲ್ಪ ಗಮನಿಸಿ ನೋಡಿ. ಹೆಚ್ಚಿನಂಶ ಅವರ ಫೋನಿನಲ್ಲಿ ಯಾರದಾದರೂ ನಂಬರ್ ಇರುತ್ತದೆ. ಮಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮೊದಲ ಕರೆ ಕಾರ್ಪೊರೇಟರ್‌ಗೋ, ಶಾಸಕರ ಪಿಎಗೋ, ಇಲಾಖೆಯಲ್ಲಿರುವ ಷಡ್ಡಕನಿಗೋ ಹೋಗುತ್ತದೆ. ‘ನಮ್ಮ ಹುಡುಗ ಸಾರ್, ಸ್ವಲ್ಪ ನೋಡ್ಕೊಳ್ಳಿ.’ ಆ ಕರೆಯ ನಂತರ ಠಾಣೆಯಲ್ಲಿ ನಡೆಯುವುದೇನು? ಹುಡುಗನನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ಯಾವ ಕೇಸು, ಏನು ಆರೋಪ ಎಂದು ತಿಳಿಸಿ ಹೇಳುತ್ತಾರೆ. ಮನೆಯವರಿಗೆ ಸುದ್ದಿ ಮುಟ್ಟಿಸುತ್ತಾರೆ. ವಕೀಲರು ಬಂದರೆ ಒಳಗೆ ಬಿಡುತ್ತಾರೆ. ಯಾರೂ ಕೈ ಮಾಡುವುದಿಲ್ಲ. ಜಾಮೀನು ಸಿಗುವ ಕೇಸಾದರೆ ಸ್ಟೇಷನ್ ಬೇಲ್ ಕೊಟ್ಟು, ಅಲ್ಲದಿದ್ದರೆ ನೋಟಿಸು ಕೊಟ್ಟು, ಕರೆದಾಗ ಬಾ ಎಂದು ಕಳಿಸುತ್ತಾರೆ. ಇವಿಷ್ಟೂ ದಯೆಯಿಂದ ಸಿಕ್ಕಿತೆಂದು ಅಪ್ಪ ಆ ಶಾಸಕರಿಗೆ ಹಾರ ಹಾಕಿ ಬರುತ್ತಾನೆ. ಇದರಲ್ಲಿ ದಯೆ ಏನಿದೆ? ಸಂವಿಧಾನದ 22ನೇ ವಿಧಿಯೂ ದಂಡ ಪ್ರಕ್ರಿಯೆಯ ಕಾನೂನೂ ಈ ದೇಶದ ಪ್ರತಿಯೊಬ್ಬನಿಗೂ ಕೊಟ್ಟಿರುವುದು ಇದನ್ನೇ. ಬೆಂಗಳೂರಿನ ಕಟ್ಟಡಗಳಲ್ಲಿ ಗಾರೆ ಹೊರುವ ಯಾದಗಿರಿಯ ಹುಡುಗನ ಫೋನಿನಲ್ಲಿ ಮೇಸ್ತ್ರಿಯ ನಂಬರ್ ಬಿಟ್ಟರೆ ಇನ್ನಾರದಿದೆ? ಮೊಬೈಲ್ ಕದ್ದ ಅನುಮಾನದ ಮೇಲೆ ಅವನನ್ನು ಎಳೆದೊಯ್ದರೆ, ಕಾನೂನಿನ ಆ ಅಕ್ಷರಗಳನ್ನು ಬಿಟ್ಟು ಅವನ ಪರವಾಗಿ ಮಾತಾಡುವವರು ಯಾರೂ ಇಲ್ಲ. ಹಕ್ಕುಗಳು ಕಳ್ಳರಿಗೆ ಎಂದು ನಾವು ಹಳಿಯುವಾಗ ವಾಸ್ತವದಲ್ಲಿ ಕಿತ್ತುಕೊಳ್ಳುತ್ತಿರುವುದು ಇವನಿಂದ. ವಶೀಲಿ ಇರುವವನಿಗೆ ಯಾವ ನಷ್ಟವೂ ಇಲ್ಲ.

22ನೇ ವಿಧಿ ಪಶ್ಚಿಮದಿಂದ ತಂದು ಅಂಟಿಸಿದ್ದು ಎನ್ನುವವರೂ ಇದ್ದಾರೆ. 1949ರ ಸೆಪ್ಟೆಂಬರ್ 15ರಂದು ಸಂವಿಧಾನ ಸಭೆಯಲ್ಲಿ ಅದನ್ನು ಮಂಡಿಸಿದವರು ಡಾ. ಅಂಬೇಡ್ಕರ್. ಕಾರಣ ತಿಳಿಸದೆ ಬಂಧಿಸಬಾರದು, ವಕೀಲರನ್ನು ನಿರಾಕರಿಸಬಾರದು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆ ಸಭೆಯಲ್ಲಿ ಕುಳಿತಿದ್ದ ಎಷ್ಟೋ ಜನ ಸ್ವಾತಂತ್ರ್ಯ ಹೋರಾಟದಲ್ಲಿ ಲಾಠಿ ತಿಂದವರು, ಜೈಲು ಕಂಡವರು. ಠಾಣೆಯ ಒಳಗೆ ಏನು ನಡೆಯುತ್ತದೆಂದು ಅವರಿಗೆ ಯಾವ ಪರದೇಶದ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ.

ಕಾನೂನು ಪೊಲೀಸರಿಂದ ಕೇಳುತ್ತಿರುವುದಾದರೂ ಎಷ್ಟು? ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅಗತ್ಯವೇ ಎಂದು ಯೋಚಿಸಿ, ಕಾರಣ ಬರೆದಿಡಿ. ಅಗತ್ಯವಿಲ್ಲದಿದ್ದರೆ ನೋಟಿಸು ಕೊಟ್ಟು ಕರೆಸಿ ಎಂದು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಸೆಕ್ಷನ್ ಈಗ ಆ ನೋಟಿಸಿನ ಮಾತನ್ನೇ ಹೇಳುತ್ತದೆ. ಬಂಧಿಸುವಾಗ ಎದೆಯ ಮೇಲೆ ಹೆಸರಿನ ಪಟ್ಟಿ ಇರಲಿ, ಮನೆಯವರಿಗೆ ತಿಳಿಸಿ, ವೈದ್ಯರಿಂದ ತಪಾಸಣೆ ಮಾಡಿಸಿ. 1996ರ ಡಿ.ಕೆ. ಬಸು ತೀರ್ಪಿನ ಈ ಮಾತುಗಳು ಇಂದು ಸಂಹಿತೆಯಲ್ಲೇ ಇವೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ಅಸಾಧಾರಣ ಸಂದರ್ಭದಲ್ಲಲ್ಲದೆ ಹೆಂಗಸರನ್ನು ಬಂಧಿಸಬೇಡಿ. ಆಗಲೂ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು, ಮಹಿಳಾ ಅಧಿಕಾರಿಯೇ ಬಂಧಿಸಲಿ. ಸಾಕ್ಷಿ ಕೇಳಲು ಹೆಂಗಸರನ್ನೂ ಅರವತ್ತು ದಾಟಿದವರನ್ನೂ ಠಾಣೆಗೆ ಅಲೆಸಬೇಡಿ, ಅವರ ಮನೆಗೇ ಹೋಗಿ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಾಕ್ಷಿಯಿಂದ ಸಹಿ ಹಾಕಿಸಿಕೊಳ್ಳಬೇಡಿ. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಿ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ಇವುಗಳಲ್ಲಿ ಯಾವುದು ಪೊಲೀಸರ ಕೈ ಕಟ್ಟಿಹಾಕುತ್ತದೆ? ಕಾರಣವಿದ್ದು ಬಂಧಿಸಿದ ಅಧಿಕಾರಿಗೆ ಆ ಕಾರಣವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯುವುದು ಕಷ್ಟವೇ? ಕಷ್ಟವಾಗುವುದು ಕಾರಣವಿಲ್ಲದೆ ಬಂಧಿಸಿದವರಿಗೆ ಮಾತ್ರ.

‘ಇಂಥ ತಾಂತ್ರಿಕ ನೆಪಗಳಿಂದಲೇ ಅಪರಾಧಿಗಳು ತಪ್ಪಿಸಿಕೊಳ್ಳುತ್ತಾರೆ’ ಎಂಬ ಆಕ್ಷೇಪಕ್ಕೆ ತೂಕವಿಲ್ಲವೆನ್ನಲಾರೆ. ಕೊಲೆ ಆರೋಪಿಯೊಬ್ಬ ಕಾಗದದ ಲೋಪದಿಂದ ಬಿಡುಗಡೆಯಾದಾಗ ಸತ್ತವರ ಮನೆಯವರಿಗೆ ಆಗುವ ಸಂಕಟ ಸಣ್ಣದಲ್ಲ. ಆದರೆ ಆ ಸಿಟ್ಟು ಯಾರ ಮೇಲೆ ತಿರುಗಬೇಕು? ಬರೆಯಬೇಕಾದ್ದನ್ನು ಬರೆಯದ ಅಧಿಕಾರಿಯ ಮೇಲೆ. ಸ್ಥಳಕ್ಕೆ ಹೋಗದೆ ಠಾಣೆಯಲ್ಲೇ ಕುಳಿತು ಮಹಜರು ಬರೆದರೆ, ಊರವರನ್ನು ಬಿಟ್ಟು ಠಾಣೆಗೆ ಬೇಕಾದವರನ್ನೇ ಪ್ರತಿ ಕೇಸಿಗೂ ಪಂಚರನ್ನಾಗಿ ಮಾಡಿದರೆ, ಪಾಟಿ ಸವಾಲಿನಲ್ಲಿ ಸಾಕ್ಷಿ ತಿರುಗಿಬೀಳುವುದಕ್ಕೆ ಹಕ್ಕುಗಳನ್ನು ದೂರಿ ಫಲವಿಲ್ಲ. ಏಟು ಕೊಟ್ಟು ಸುಲಭದಲ್ಲಿ ಮುಗಿಸಬಹುದೆಂಬ ರೂಢಿಯೇ ಬೆರಳಚ್ಚು, ರಕ್ತದ ಕಲೆ, ಫೋನ್ ದಾಖಲೆಗಳನ್ನು ಹುಡುಕುವ ಶ್ರಮವನ್ನು ಅನಗತ್ಯವೆನಿಸಿದೆ.

ಇನ್ನು, ಪೊಲೀಸರ ಮುಂದೆ ಹಕ್ಕು ಬೇಕಾಗುವುದು ಆರೋಪಿಗೆ ಮಾತ್ರ ಎಂಬುದೂ ತಪ್ಪು. ಮನೆಗೆ ಕನ್ನ ಬಿದ್ದವರು, ಮಗಳು ಕಾಣೆಯಾದವರು, ಗಂಡನಿಂದ ಏಟು ತಿಂದವರು ದೂರು ತೆಗೆದುಕೊಂಡು ಹೋದಾಗ ಏನಾಗುತ್ತದೆ? ‘ನಮ್ಮ ಲಿಮಿಟ್ಸಿಗೆ ಬರಲ್ಲ’, ‘ನಾಳೆ ಬನ್ನಿ’, ‘ಕೂತು ರಾಜಿ ಮಾಡ್ಕೊಳ್ಳಿ’. ಹೆಚ್ಚೆಂದರೆ ಅರ್ಜಿ ಪಡೆದು ಒಂದು ಹಿಂಬರಹ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. ಅಪರಾಧ ಎಲ್ಲೇ ನಡೆದಿರಲಿ ದೂರು ಪಡೆಯಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು, ಠಾಣೆಯವರು ಒಪ್ಪದಿದ್ದರೆ ಎಸ್‌ಪಿಗೆ ಬರೆಯಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು ಎನ್ನುತ್ತದೆ ಹೊಸ ಸಂಹಿತೆಯ 173ನೇ ಸೆಕ್ಷನ್. ಹಕ್ಕೆಂದರೆ ಕಳ್ಳರ ಪರ ಎಂದು ಗೇಲಿ ಮಾಡಿದವರೇ ತಮ್ಮ ಮನೆಯಲ್ಲಿ ಕಳ್ಳತನವಾದ ದಿನ ಬರಿಗೈಯಲ್ಲಿ ಠಾಣೆಯಿಂದ ವಾಪಸಾಗುತ್ತಾರೆ. ಕೇಳುವ ಅಭ್ಯಾಸವನ್ನೇ ಬಿಟ್ಟ ಸಮಾಜಕ್ಕೆ ದೂರುದಾರನಾಗಿಯೂ ಕೇಳಲು ನಾಲಿಗೆ ಏಳುವುದಿಲ್ಲ.

2022ರ ಡಿಸೆಂಬರಿನಲ್ಲಿ ಬೆಂಗಳೂರಿನ ದಂಪತಿ ಗೆಳೆಯರ ಮನೆಯ ಹುಟ್ಟುಹಬ್ಬ ಮುಗಿಸಿ ರಾತ್ರಿ ನಡೆದು ಮನೆಗೆ ಬರುತ್ತಿದ್ದರು. ಗಸ್ತಿನ ಇಬ್ಬರು ಪೊಲೀಸರು ತಡೆದು, ಈ ಹೊತ್ತಿನಲ್ಲಿ ರಸ್ತೆಯಲ್ಲಿ ಓಡಾಡುವಂತಿಲ್ಲ ಎಂದು ಹೆದರಿಸಿ 1,000 ರೂಪಾಯಿ ಕಿತ್ತರು. ಅಂಥ ಕಾನೂನೇ ಇಲ್ಲ. ದಂಪತಿ ಅದನ್ನು ಬಹಿರಂಗವಾಗಿ ಬರೆದ ಮೇಲೆ ಪೊಲೀಸರು ಅಮಾನತಾದರು. ಮರುವರ್ಷ ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರಿನಲ್ಲಿ ಹೆಲ್ಮೆಟ್ ಹಾಕದೆ ಬಂದ ಯುವಕನೊಬ್ಬನನ್ನು ತಡೆದಾಗ ಮಾತಿಗೆ ಮಾತು ಬೆಳೆಯಿತು. ಠಾಣೆಯೊಳಗೆ ಅವನನ್ನು ಥಳಿಸಿದ ಆರೋಪದ ಮೇಲೆ ಸಬ್‌ಇನ್‌ಸ್ಪೆಕ್ಟರ್ ಸೇರಿ ಆರು ಪೊಲೀಸರು ಅಮಾನತಾದರು. ಆ ಯುವಕ ವಕೀಲ. ಕಾನೂನು ಬಲ್ಲವನಿಗೇ ಹೀಗಾದರೆ ಎಂದು ಅಂದು ರಾಜ್ಯದ ವಕೀಲರು ಬೀದಿಗಿಳಿದರು, ಇಳಿದದ್ದು ಸರಿಯೇ. ಅದೇ ಜಾಗದಲ್ಲಿ ಕಾಫಿ ತೋಟದ ಆಳೊಬ್ಬನಿದ್ದಿದ್ದರೆ ಯಾರು ಇಳಿಯುತ್ತಿದ್ದರು? ವಕೀಲರನ್ನು ಇಡಲು ಶಕ್ತಿ ಇಲ್ಲದವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು, ಮೊದಲ ಬಾರಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದ ಹೊತ್ತಿನಿಂದಲೇ ಕೊಡಬೇಕು ಎಂಬ ಸುಪ್ರೀಂ ಕೋರ್ಟಿನ ಮಾತು ಬಂದದ್ದು 1980ರಲ್ಲಿ, ಭಾಗಲ್ಪುರದ ಆ ಕಣ್ಣು ಕಳೆದುಕೊಂಡವರ ಪ್ರಕರಣದಲ್ಲೇ. ಉಚಿತ ಕಾನೂನು ನೆರವಿಗೆ 15100 ಎಂಬ ಸಹಾಯವಾಣಿ ಇದೆ. ಎಷ್ಟು ಠಾಣೆಗಳ ಗೋಡೆಯಲ್ಲಿ ಆ ನಂಬರ್ ಕಣ್ಣಿಗೆ ಬೀಳುವಂತಿದೆ?

ಹಕ್ಕುಗಳ ಮಾತೆತ್ತಿದರೆ ಪೊಲೀಸರನ್ನು ಹೀಯಾಳಿಸಿದಂತೆ ಎಂಬ ಕೊನೆಯ ವಾದವೊಂದಿದೆ. ಹಬ್ಬವಿಲ್ಲ, ವಾರದ ರಜೆಗೂ ಖಾತ್ರಿಯಿಲ್ಲ, ಬಂದೋಬಸ್ತಿನಲ್ಲಿ ಬಿಸಿಲಿಗೆ ನಿಂತು ದಣಿದ ಕಾನ್‌ಸ್ಟೆಬಲ್‌ಗಳ ಕಷ್ಟ ನನಗೆ ಕಾಣದ್ದಲ್ಲ. ಪೊಲೀಸರನ್ನು ರಾಜಕಾರಣಿಗಳ ಹಿಡಿತದಿಂದ ಬಿಡಿಸಲು ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ನಿರ್ದೇಶನಗಳನ್ನು ಸರ್ಕಾರಗಳು ಮನಸ್ಸಿಟ್ಟು ಜಾರಿಮಾಡಿಲ್ಲ. ಆದರೆ ಪೊಲೀಸರ ಮರ್ಯಾದೆ ಲಾಠಿಯಲ್ಲಿದೆ ಎನ್ನುವವರು ತಮಿಳುನಾಡಿನ ಸಾತಾನ್‌ಕುಳಂ ಠಾಣೆಯ ಕಡೆ ನೋಡಲಿ.

2020ರ ಜೂನ್ 19. ಲಾಕ್‌ಡೌನ್ ನಿಯಮ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರೆಂದು ತಂದೆಯನ್ನೂ, ಅವರನ್ನು ಹುಡುಕಿಕೊಂಡು ಬಂದ ಮಗನನ್ನೂ ಠಾಣೆಯಲ್ಲಿ ಹಿಡಿದಿಟ್ಟರು. ಕಾಗದದಲ್ಲಿ ಎಲ್ಲವೂ ಕ್ರಮಬದ್ಧವಾಗಿತ್ತು: ವೈದ್ಯರ ಪ್ರಮಾಣಪತ್ರ, ಮ್ಯಾಜಿಸ್ಟ್ರೇಟರ ರಿಮಾಂಡ್ ಆದೇಶ, ಜೈಲಿನ ನೋಂದಣಿ. ಯಾರೂ ಅವರ ಮೈ ನೋಡಲಿಲ್ಲ, ಯಾರೂ ನಿಂತು ಕೇಳಲಿಲ್ಲ. ನಾಲ್ಕು ದಿನಗಳೊಳಗೆ ಇಬ್ಬರೂ ಸತ್ತರು. ಹೈಕೋರ್ಟಿನ ಮಧುರೈ ಪೀಠದ ಆದೇಶದಂತೆ ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರಿಗೆ ಸಿಸಿಟಿವಿಯ ದೃಶ್ಯಗಳೂ ಸಿಗಲಿಲ್ಲ. ದಿನದಿನಕ್ಕೆ ಅಳಿಸಿಹೋಗುವಂತೆ ಅದನ್ನು ಹೊಂದಿಸಿಡಲಾಗಿತ್ತು. ಆಗ ಬಾಯಿ ತೆರೆದವರು ಆ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೆಬಲ್. ಸಹೋದ್ಯೋಗಿಗಳು ಹೊರಗೆ ನಿಂತಿರುವಾಗಲೇ, ಹೆದರಿಕೆಯಲ್ಲೇ, ರಾತ್ರಿಯಿಡೀ ಹೊಡೆದರು, ಲಾಠಿಗೂ ಮೇಜಿಗೂ ರಕ್ತ ಅಂಟಿತ್ತು ಎಂದು ಆಕೆ ಹೇಳಿದರು. ಬಹಳ ಹೊತ್ತು ಹಿಂಜರಿದು ಕೊನೆಗೆ ಹೇಳಿಕೆಗೆ ಸಹಿ ಮಾಡಿದರು. ಆಕೆಗೆ ರಕ್ಷಣೆ ಕೊಡಬೇಕೆಂದು ನ್ಯಾಯಾಲಯ ಆದೇಶಿಸಬೇಕಾಯಿತು. ಸಿಬಿಐ ಪೊಲೀಸರ ಮೇಲೆ ಕೊಲೆ ಆರೋಪ ಹೊರಿಸಲು ಆಧಾರವಾದ ಸಾಕ್ಷ್ಯಗಳಲ್ಲಿ ಆಕೆಯ ಮಾತೂ ಒಂದು. ಠಾಣೆಯಲ್ಲಿ ಹಕ್ಕು ಕೇಳುವವರು ಪೊಲೀಸರ ವಿರೋಧಿಗಳು ಎನ್ನುವವರು, ಖಾಕಿ ತೊಟ್ಟೇ ಸತ್ಯ ಹೇಳಿದ ಈ ಹೆಣ್ಣುಮಗಳನ್ನು ಯಾವ ಕಡೆಗೆ ಸೇರಿಸುತ್ತಾರೆ ಎಂಬುದನ್ನು ಹೇಳಲಿ.